ಹತ್ತರಲ್ಲೊಂದು ಪಾಲಿನ ಬ್ರೋಕರ್

‘ಹುಡ್ಗ ಏನ್ ಮಾಡ್ಕೊಂಡವ್ನೆ?’

ಹೆಣ್ಣು ನೋಡಲು ಹೋದ ಮನೆಯಲ್ಲಿ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಈ ಪ್ರಶ್ನೆ ಬರುತ್ತದೆ. ಅಪ್ಪ ನನ್ನ ಮುಖ ನೋಡುತ್ತಾರೆ, ನಾನು ಕಿಟಕಿ ನೋಡುತ್ತೇನೆ. ಕೊನೆಗೆ ಸೋದರಮಾವ ಗಂಟಲು ಸರಿ ಮಾಡಿಕೊಂಡು, ‘ರಿಯಲ್ ಎಸ್ಟೇಟ್ ಬಿಸಿನೆಸ್ಸು’ ಎನ್ನುತ್ತಾರೆ. ಒಳಮನೆಯಿಂದ ಯಾರೋ ಅಜ್ಜಿ, ‘ಓ, ಬ್ರೋಕರ್ರಾ’ ಎಂದು ರಾಗ ಎಳೆಯುತ್ತಾರೆ. ಅಲ್ಲಿಗೆ ಉಪ್ಪಿಟ್ಟು ತಣ್ಣಗಾದ ಹಾಗೆ.

2023ರ ಫೆಬ್ರುವರಿಯಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟಾಗ ಊರೆಲ್ಲ ನಕ್ಕಿತು. ನಾನು ನಗಲಿಲ್ಲ. ರೈತನ ಮಗನಿಗೆ ಹೆಣ್ಣಿಲ್ಲ, ರೈತನ ಜಮೀನು ಮಾರಿಸುವ ಬ್ರೋಕರ್‌ಗೂ ಹೆಣ್ಣಿಲ್ಲ. ನಾನು ಎರಡೂ ಹೌದು!

ಇರಲಿ, ಮದುವೆಯ ಕಥೆ ಬೇಡ. ಬ್ರೋಕರ್ ಆದ ಕಥೆ ಹೇಳುತ್ತೇನೆ. ಕೆಲಸ ಹುಡುಕುತ್ತಿರುವ ಯಾರಿಗಾದರೂ ಉಪಯೋಗಕ್ಕೆ ಬಂದರೆ ಬರಲಿ.

ರಸ್ತೆ ಬಂತು, ದಾರಿ ಸಿಕ್ಕಿತು

ಬಿ.ಕಾಂ. ಮುಗಿಸಿ ಎಲ್ಲರಂತೆ ನಾನೂ ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಂದು ಪುಸ್ತಕ ಹಿಡಿದೆ. ಮೂರು ಪರೀಕ್ಷೆ, ಮೂರು ಸೋಲು. ಆಮೇಲೆ ಬೆಂಗಳೂರಿನಲ್ಲಿ ಒಂದು ಕಡೆ ಲೆಕ್ಕ ಬರೆಯುವ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಅದೂ ಹೋಯಿತು. ಒಂದು ಬ್ಯಾಗು, ಒಂದು ಚಾಪೆ ಕಟ್ಟಿಕೊಂಡು ಊರಿಗೆ ಬಂದಾಗ ಅಮ್ಮ ಏನೂ ಕೇಳಲಿಲ್ಲ. ಮುದ್ದೆ ಒಂದು ಹೆಚ್ಚಿಗೆ ಕಟ್ಟಿದಳು, ಅಷ್ಟೆ.

ಅಪ್ಪನಿಗೆ ನಾಲೆ ಬಯಲಲ್ಲಿ ಎರಡು ಎಕರೆ. ಕಬ್ಬು, ಬದುವಿನ ಮೇಲೆ ಒಂದಷ್ಟು ತೆಂಗು. ಎಳನೀರು ಮದ್ದೂರು ಮಾರುಕಟ್ಟೆಗೆ ಹೋದರೆ ವಾರದ ಖರ್ಚು ನಡೆಯುತ್ತಿತ್ತು. ಅದರಲ್ಲಿ ನಾನೊಬ್ಬ ಹೆಚ್ಚುವರಿ ಬಾಯಿ.

ಅದೇ ಹೊತ್ತಿಗೆ ಬೆಂಗಳೂರು–ಮೈಸೂರು ದಶಪಥದ ಕೆಲಸ ಜೋರಾಗಿತ್ತು. ಕಾರುಗಳಲ್ಲಿ ಜನ ಬಂದು ಟೀ ಅಂಗಡಿಯ ಮುಂದೆ ನಿಲ್ಲಿಸಿ, ‘ಇಲ್ಲಿ ಗುಂಟೆ ಏನ್ ರೇಟು?’ ಎಂದು ಕೇಳುತ್ತಿದ್ದರು. ಒಂದು ದಿನ ಒಬ್ಬರಿಗೆ ನಮ್ಮ ಪಕ್ಕದೂರಿನ ಜಮೀನು ತೋರಿಸಿದೆ. ಎರಡು ತಿಂಗಳಾದ ಮೇಲೆ ಮಾರಿದವರು ಕರೆದು ಐದು ಸಾವಿರ ಕೈಗಿಟ್ಟರು. ದಾರಿ ತೋರಿಸಿದ್ದಕ್ಕೆ ದುಡ್ಡು! ಮೂರು ಪರೀಕ್ಷೆಯಲ್ಲಿ ಸಿಗದ ಸಂತೋಷ ಅವತ್ತು ಸಿಕ್ಕಿತು.

2023ರ ಮಾರ್ಚ್ 12ರಂದು ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಪ್ರಧಾನಿಗಳ ಸಭೆ ನಡೆದು ಆ ಹೆದ್ದಾರಿ ಉದ್ಘಾಟನೆಯಾಯಿತು. ಬೈಪಾಸ್ ಆದದ್ದರಿಂದ ಹಳೇ ರಸ್ತೆಯ ಮೇಲೆ ವಡೆ ಮಾರುವವರ ವ್ಯಾಪಾರ ಬಿತ್ತು. ನೂರು ವರ್ಷ ರೈಲಿನವರನ್ನೂ ಬಸ್ಸಿನವರನ್ನೂ ಹಿಡಿದು ನಿಲ್ಲಿಸಿದ ಮದ್ದೂರು ವಡೆಯನ್ನು ಕಾರಿನವರು ಮೇಲಿಂದಲೇ ದಾಟಿ ಹೋದರು. ಆದರೆ ಸರ್ವಿಸ್ ರಸ್ತೆಯ ಪಕ್ಕದ ಗದ್ದೆಗೆ ಚಿನ್ನದ ಬೆಲೆ ಬಂತು. ಒಬ್ಬರ ನಷ್ಟ, ಇನ್ನೊಬ್ಬರ ಲಾಭ. ನಾನು ಲಾಭದ ಕಡೆ ನಿಂತಿದ್ದೆ.

ನನ್ನ ಎರಡು ವರ್ಷ ಯಾರು ಕೊಡ್ತಾರೆ?

ಈ ಬರಹದಲ್ಲಿ ನನಗೆ ಬರೆಯಲು ಅತಿ ಕಷ್ಟವಾದ ಭಾಗ ಇದು.

2021ರಲ್ಲಿ ಒಬ್ಬ ಆಟೊ ಓಡಿಸುವ ಅಣ್ಣನಿಗೆ ಪೇಟೆಯ ಹೊರಗೆ 30–40 ಸೈಟು ಕೊಡಿಸಿದೆ. ನಾಲ್ಕೂವರೆ ಲಕ್ಷ. ಕಲ್ಲು ನೆಟ್ಟಿತ್ತು, ಮಣ್ಣಿನ ರಸ್ತೆ ಬಿಟ್ಟಿತ್ತು, ಮೂಲೆಯಲ್ಲಿ ಲೇಔಟಿನ ಬೋರ್ಡೂ ಇತ್ತು. ಮಾರುವವರು, ‘ಈಗ ಅಗ್ರಿಮೆಂಟು, ಜಿಪಿಎ ಮಾಡ್ಕೊಡ್ತೀವಿ, ರಿಜಿಸ್ಟ್ರೇಷನ್ ಆಮೇಲೆ’ ಎಂದರು. ನಾನು, ‘ಎಲ್ರೂ ಹಿಂಗೇ ತಗೊಳೋದು ಅಣ್ಣ’ ಎಂದು ಧೈರ್ಯ ತುಂಬಿದೆ. ನನಗೆ ಬಂದದ್ದು ಒಂಬತ್ತು ಸಾವಿರ.

ಮನೆ ಕಟ್ಟಲು ಆ ಅಣ್ಣ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಕಾಗದ ನೋಡಿ ವಾಪಸು ಕೊಟ್ಟರು. ಅದು ಕೃಷಿ ಜಮೀನು, ಭೂ ಪರಿವರ್ತನೆ ಆಗಿರಲಿಲ್ಲ, ಲೇಔಟಿಗೆ ಅನುಮೋದನೆ ಇರಲಿಲ್ಲ. ಖಾತೆ ಆಗುವ ಹಾಗಿಲ್ಲ. ಇನ್ನು ಜಿಪಿಎ ಮತ್ತು ಅಗ್ರಿಮೆಂಟಿನಿಂದ ಸ್ಥಿರಾಸ್ತಿಯ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಹತ್ತು ವರ್ಷ ಹಳೆಯ ತೀರ್ಪು. ಬಿ.ಕಾಂ. ಓದಿದ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಎಂದೂ ಅನ್ನಿಸಿರಲಿಲ್ಲ.

ಊರಿನ ಹಿರಿಯರನ್ನು ಕೂರಿಸಿ ಮಾತಾಡಿದ ಮೇಲೆ ಮಾರಿದವರು ಕಂತಿನಲ್ಲಿ ಹಣ ಹಿಂದಿರುಗಿಸಿದರು. ಅದಕ್ಕೆ ಎರಡು ವರ್ಷ ಹಿಡಿಯಿತು. ನಾನು ನನ್ನ ಒಂಬತ್ತು ಸಾವಿರ ತಗೊಂಡು ಆ ಅಣ್ಣನ ಮನೆಗೆ ಹೋದೆ. ಅವರು ಎಣಿಸಲೂ ಇಲ್ಲ. ‘ನಿಮ್ ಕಮಿಷನ್ ವಾಪಸ್ ಕೊಟ್ರಿ, ಸರಿ. ನನ್ ಎರಡು ವರ್ಷ ಯಾರು ಕೊಡ್ತಾರೆ?’ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಕಾಗದ ಓದಲು ಕಲಿತೆ

ಆ ತಕರಾರು ಎದ್ದ ದಿನದಿಂದಲೇ ಪಿಡಿಒ ಪರೀಕ್ಷೆಗೆ ಓದಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಓದತೊಡಗಿದೆ. ನಿವೃತ್ತ ಮೇಷ್ಟ್ರೊಬ್ಬರು, ನೋಂದಣಿ ಕಚೇರಿಯ ಹೊರಗೆ ಪತ್ರ ಟೈಪ್ ಮಾಡುವ ಅಕ್ಕ ಒಬ್ಬರು, ಇವರಿಬ್ಬರೇ ನನ್ನ ಗುರುಗಳು.

ಪಹಣಿಯಲ್ಲಿ ಯಾರ ಹೆಸರಿದೆ ಎಂದು ಮಾತ್ರ ಅಲ್ಲ, ಆ ಹೆಸರು ಹೇಗೆ ಬಂತು ಎಂದು ಮ್ಯುಟೇಷನ್‌ನಲ್ಲಿ ನೋಡಬೇಕು. ಋಣಭಾರ ಪತ್ರ ತೆಗೆಸಿ ಸಾಲ, ಹಿಂದಿನ ಮಾರಾಟ ನೋಡಬೇಕು. ಜಮೀನಿನಲ್ಲಿ ಒಂದು ಭಾಗ ಮಾತ್ರ ಮಾರುವುದಾದರೆ ಸರ್ವೆ ಮಾಡಿಸಿ 11ಇ ನಕ್ಷೆ ಬೇಕು. ಸೈಟಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪರಿವರ್ತನೆ ಆದೇಶ, ಲೇಔಟಿನ ಅನುಮೋದನೆ, ಪಂಚಾಯಿತಿ ವ್ಯಾಪ್ತಿಯಾದರೆ ಇ–ಸ್ವತ್ತುವಿನ ನಮೂನೆ 9 ಮತ್ತು 11ಎ ಬೇಕು. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ.

ರೇರಾ ಕಾಯ್ದೆ ಬಂದದ್ದು 2016ರಲ್ಲಿ, ನಮ್ಮ ರಾಜ್ಯದ ನಿಯಮಗಳು 2017ರಲ್ಲಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಲೇಔಟು ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್‌ಗಳ ಯೋಜನೆ ನೋಂದಣಿ ಆಗಬೇಕು. ಅಂಥ ಯೋಜನೆಯ ಸೈಟು ಮಾರಿಸುವ ಏಜೆಂಟ್ ಕೂಡ ನೋಂದಣಿ ಆಗಬೇಕು. ಒಬ್ಬ ವ್ಯಕ್ತಿಗೆ ಶುಲ್ಕ 25 ಸಾವಿರ. ಅಪ್ಪ ಕಬ್ಬಿನ ದುಡ್ಡಿನಲ್ಲಿ ಕೊಟ್ಟರು. ಆ ಪ್ರಮಾಣಪತ್ರವನ್ನು ಅಮ್ಮ ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚಿದಳು. ಮಗನಿಗೆ ಸರ್ಕಾರದ ಸೀಲು ಬಿದ್ದ ಮೊದಲ ಕಾಗದ ಅಲ್ಲವೇ!

ಕಮಿಷನ್ ಕಳೆದ ವ್ಯವಹಾರ

2022ರ ಮಳೆಗಾಲ. ಹಳೇ ಹೆದ್ದಾರಿಯ ಪಕ್ಕ ಹತ್ತಡಿ ಅಗಲದ ನನ್ನ ಅಂಗಡಿಗೆ ಒಬ್ಬ ತಾಯಿ ಬಂದರು. ಗಂಡ ತೀರಿಕೊಂಡು ಮೂರು ವರ್ಷ. ಗಂಡನ ಪಾಲಿಗೆ ಬಂದ 32 ಗುಂಟೆ ಇದೆ. ಮಗಳ ಡಿಪ್ಲೊಮಾ ಫೀಸಿಗೆ ಹತ್ತು ಗುಂಟೆ ಮಾರಿಸಿಕೊಡಪ್ಪ ಎಂದರು. ಪಹಣಿ ನೋಡಿದೆ. ತೀರಿಕೊಂಡ ಗಂಡನ ಹೆಸರೇ ಇತ್ತು. ಸತ್ತವರು ಸಹಿ ಹಾಕುವುದಿಲ್ಲವಲ್ಲ, ಮೊದಲು ಪೌತಿ ಖಾತೆ ಆಗಬೇಕು ಎಂದೆ.

‘ಎಲ್ಡ್ ಸಲ ಹೋಗಿದ್ದೆ ಕಣಪ್ಪ, ಡೆತ್ ಸರ್ಟಿಫಿಕೇಟ್ ತತ್ತಾ ಅಂದ್ರು’ ಎಂದರು. ಸಾವು ಮನೆಯಲ್ಲೇ ಆಗಿತ್ತು, ನೋಂದಣಿಯೇ ಆಗಿರಲಿಲ್ಲ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವೂ ಇಲ್ಲ, ರಗಳೆಯೂ ಇಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅಂದರೆ ವಕೀಲರು, ಅಫಿಡವಿಟ್ಟು, ಓಡಾಟ. ಕೂಲಿ ಬಿಟ್ಟು ಒಂದು ದಿನ ಓಡಾಡಿದರೆ ಅವತ್ತಿನ ಕೂಲಿಯೂ ಇಲ್ಲ, ಬಸ್ ಚಾರ್ಜೂ ಕೈಯಿಂದ.

ಹತ್ತು ಗುಂಟೆ ಮಾರಿದರೆ ನನಗೆ ಕಮಿಷನ್ ಬರುತ್ತದೆ, ಈ ಖರ್ಚು ನಾನೇ ಹಾಕೋಣ ಎಂದು ಲೆಕ್ಕ ಹಾಕಿದೆ. ಸೇವೆಯ ಯೋಚನೆ ಏನೂ ಇರಲಿಲ್ಲ, ಶುದ್ಧ ವ್ಯಾಪಾರ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅತ್ತೆಯ ಹೆಬ್ಬೆಟ್ಟು ಎಲ್ಲ ಆಯಿತು. ಗಂಡ ಉಯಿಲು ಬರೆಯದೆ ಸತ್ತರೆ ಅವನ ಆಸ್ತಿಗೆ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಅರ್ಜಿ ಹಾಕಿ, ಆಕ್ಷೇಪಣೆಯ ನೋಟಿಸು ಮುಗಿದು, ಏಳು ತಿಂಗಳ ಮೇಲೆ ಪಹಣಿಯಲ್ಲಿ ಅವರ ಹೆಸರು ಬಂತು.

ಬಂದ ಮೇಲೆ ಏನಾಯಿತು ಗೊತ್ತೇ? ಅವರು ಜಮೀನು ಮಾರಲಿಲ್ಲ! ಹೆಸರು ಬಂದದ್ದೇ ಸಹಕಾರ ಸಂಘದಲ್ಲಿ ಬೆಳೆ ಸಾಲ ಸಿಕ್ಕಿತು. ಪಿಎಂ–ಕಿಸಾನ್‌ನ ವರ್ಷದ ಆರು ಸಾವಿರಕ್ಕೆ ಅರ್ಜಿ ಹಾಕಲು ದಾರಿಯಾಯಿತು. ‘ಮಾರಾದ್ ಬ್ಯಾಡ ಬುಡಪ್ಪ, ಮಗಳು ಓದಿ ಕೆಲ್ಸಕ್ ಸೇರ್ಕಂಡ್ರೆ ಆಯ್ತದೆ’ ಎಂದು ಒಂದು ಚೀಲ ರಾಗಿ ತಂದು ಅಂಗಡಿಯಲ್ಲಿಟ್ಟು ಹೋದರು.

ಕಮಿಷನ್ ಹೋಯಿತು, ಕೈಯಿಂದ ಮೂರು ಸಾವಿರ ಹೋಯಿತು. ಆದರೂ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಎಷ್ಟೋ ಜನ ಜಮೀನು ಮಾರುವುದು ಮಾರಬೇಕೆಂದಲ್ಲ, ಕಾಗದ ಸರಿಯಿಲ್ಲದೆ ಬೇರೆಲ್ಲ ಬಾಗಿಲು ಮುಚ್ಚಿರುವುದರಿಂದ ಎಂದು ಅವತ್ತು ಅರ್ಥವಾಯಿತು.

ನಾಲಿಗೆಯ ದಾನ, ಕಾಗದದ ದಾನ

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಬರುವ ಪ್ರತಿ ಕಮಿಷನ್‌ನಲ್ಲಿ ಹತ್ತರಲ್ಲೊಂದು ಪಾಲು ಬೇರೆ ಖಾತೆಗೆ. ಆ ದುಡ್ಡು ಗಂಡ ಸತ್ತ ಹೆಂಗಸರು, ಕೂಲಿಯವರು, ತಂದೆ–ತಾಯಿ ಇಲ್ಲದ ಮಕ್ಕಳ ಪೌತಿ ಖಾತೆ, ಸರ್ವೆ ಶುಲ್ಕ, ನಕಲು, ಅಫಿಡವಿಟ್, ಓಡಾಟಕ್ಕೆ ಮಾತ್ರ. ಒಂದು ಷರತ್ತು: ಅವರು ಜಮೀನನ್ನು ನನ್ನ ಮೂಲಕವೇ ಮಾರಬೇಕು ಎಂದು ಕೇಳುವ ಹಾಗಿಲ್ಲ.

ಈ ಯೋಚನೆ ನಂದೇ ಎಂದು ಬೀಗುತ್ತಿದ್ದಾಗ ಮೇಷ್ಟ್ರು ಗಾಳಿ ತೆಗೆದರು. ‘ಯಲವಾಲ ಗೊತ್ತೇನೋ?’ ಎಂದರು. ಮೈಸೂರು–ಹುಣಸೂರು ರಸ್ತೆಯ ಯಲವಾಲ ನನಗೆ ಲೇಔಟುಗಳ ಊರಾಗಿ ಮಾತ್ರ ಗೊತ್ತಿತ್ತು. 1957ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ವಿನೋಬಾ ಭಾವೆ ಅವರ ಗ್ರಾಮದಾನ ಸಮ್ಮೇಳನ ನಡೆದಿತ್ತಂತೆ, ನೆಹರೂ ಬಂದಿದ್ದರಂತೆ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ರಾಮಚಂದ್ರ ರೆಡ್ಡಿ ಎಂಬ ಜಮೀನ್ದಾರರು ನೂರು ಎಕರೆ ಕೊಡುತ್ತೇನೆ ಎಂದಾಗ ಶುರುವಾದ ಭೂದಾನ ಆರು ವರ್ಷದಲ್ಲಿ ನಮ್ಮ ಮೈಸೂರಿನ ಬಾಗಿಲಿಗೆ ಬಂದಿತ್ತು.

‘ದೇಶದಲ್ಲಿ ಲಕ್ಷಗಟ್ಟಲೆ ಎಕರೆ ದಾನ ಬಂತು. ಅದರಲ್ಲಿ ಬಹಳಷ್ಟು ಬಡವರ ಕೈಗೆ ಹೋಗಲೇ ಇಲ್ಲ. ಯಾಕೆ ಹೇಳು?’ ಎಂದು ಕೇಳಿದರು. ನಾನು ಸುಮ್ಮನಿದ್ದೆ. ಎಷ್ಟೋ ಭೂಮಿ ಬಂಜರು, ಎಷ್ಟೋ ಭೂಮಿ ತಕರಾರಿನದು, ಎಷ್ಟೋ ಕಡೆ ಬಾಯಲ್ಲಿ ಕೊಟ್ಟದ್ದು ಕಾಗದದಲ್ಲಿ ಬರಲೇ ಇಲ್ಲ. ‘ನಾಲಿಗೆಯ ದಾನಕ್ಕೂ ಕಾಗದದ ದಾನಕ್ಕೂ ಅಷ್ಟು ವ್ಯತ್ಯಾಸ. ನೀನು ಎರಡನೆಯದನ್ನು ಮಾಡ್ತಿದ್ದೀಯ, ಮಾಡು. ಆದರೆ ದೊಡ್ಡ ಮಾತಾಡಬೇಡ’ ಎಂದರು.

ದೊಡ್ಡ ಮಾತಾಡದೆ ಮಾಡಿದವರೊಬ್ಬರ ಬಗ್ಗೆ ಆಮೇಲೆ ಓದಿದೆ. ಲಂಡನ್ನಿನ ಆಕ್ಟೇವಿಯಾ ಹಿಲ್. 1865ರಲ್ಲಿ ಬರಹಗಾರ ಜಾನ್ ರಸ್ಕಿನ್ ಬಡವರ ಬೀದಿಯ ಮೂರು ಹಳೇ ಮನೆಗಳನ್ನು ಕೊಂಡು ಈಕೆಯ ಕೈಗೆ ಕೊಟ್ಟರು. ಗಾಂಧೀಜಿಯವರ ಮೇಲೆ ಗಾಢ ಪ್ರಭಾವ ಬೀರಿದ ಅದೇ ರಸ್ಕಿನ್. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇ 5ರಷ್ಟು ಲಾಭ ಬರಬೇಕು ಎಂಬುದು ಒಪ್ಪಂದ. ಆಕೆ ವಾರವಾರ ತಾವೇ ಬಾಡಿಗೆ ವಸೂಲಿಗೆ ಹೋಗುತ್ತಿದ್ದರು, ಶೇ 5 ಕೊಟ್ಟು ಮಿಕ್ಕಿದ್ದರಲ್ಲಿ ಬಾಡಿಗೆದಾರರಿಗಾಗಿ ಮನೆ ರಿಪೇರಿ ಮಾಡಿಸುತ್ತಿದ್ದರು. ಪುಕ್ಕಟೆ ಅಲ್ಲ, ಸುಲಿಗೆಯೂ ಅಲ್ಲ. ಲೆಕ್ಕ ಸರಿಯಿರುವ ಸಣ್ಣ ವ್ಯವಹಾರ. ಬಿ.ಕಾಂ. ಹುಡುಗನಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕೇ?

ಕೆಲವರು ‘ಟ್ರಸ್ಟ್ ಮಾಡು’ ಎಂದರು. ನಾನು ಮಾಡಲಿಲ್ಲ. ನನ್ನ ಆದಾಯಕ್ಕೆ ಮೊದಲು ತೆರಿಗೆ ಲೆಕ್ಕ ಸಲ್ಲಿಸುತ್ತೇನೆ. ವರ್ಷದ ವಹಿವಾಟು 20 ಲಕ್ಷದ ಒಳಗೇ ಇರುವುದರಿಂದ ಸದ್ಯಕ್ಕೆ ಜಿಎಸ್‌ಟಿ ನೋಂದಣಿಯ ತಾಪತ್ರಯವಿಲ್ಲ. ಯಾರಿಂದಲೂ ಚಂದಾ ತೆಗೆದುಕೊಳ್ಳುವುದಿಲ್ಲ. ನನ್ನ ದುಡ್ಡು, ನನ್ನ ನೋಟ್‌ಬುಕ್ಕು.

ಸ್ಟೇಟಸ್ ಹಾಕಿದ ತಪ್ಪು

ಒಳ್ಳೇದು ಮಾಡಿದಾಗ ತೋರಿಸಿಕೊಳ್ಳುವ ಚಪಲ ಯಾರಿಗಿಲ್ಲ? ಅಂಗಡಿಯ ಬೋರ್ಡಿನ ಮೇಲೆ ‘ನಿಮ್ಮ ಕಮಿಷನ್‌ನ ಶೇ 10 ಬಡವರಿಗೆ’ ಎಂದು ಬರೆಸಿದೆ. ಒಬ್ಬ ತಾಯಿಗೆ ಹೊಸ ಪಹಣಿ ಕೊಡುವ ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ. ಅರವತ್ತು ಜನ ಕೈ ಮುಗಿಯುವ ಚಿಹ್ನೆ ಕಳಿಸಿದರು.

ಮರುದಿನ ಆ ತಾಯಿಯ ಮಗಳು ಫೋನ್ ಮಾಡಿದಳು. ಕಾಲೇಜಿನಲ್ಲಿ ಯಾರೋ ಆ ಫೋಟೊ ತೋರಿಸಿ, ‘ನಿಮ್ಮವ್ವ ಫೇಮಸ್’ ಎಂದಿದ್ದರಂತೆ. ‘ನಮ್ ಜಮೀನಿನ ಪಹಣಿ ನಮಗೆ ಬಂದಿದೆ. ಅದನ್ನ ನೀವು ಭಿಕ್ಷೆ ಕೊಟ್ಟಂಗೆ ಯಾಕೆ ತೋರಿಸ್ತೀರ ಅಣ್ಣ?’ ಎಂದು ಕೇಳಿದಳು.

ಉತ್ತರ ಇರಲಿಲ್ಲ. ಸ್ಟೇಟಸ್ ತೆಗೆದೆ. ಅದೇ ವಾರ ಬೋರ್ಡಿನ ಸಾಲಿನ ಮೇಲೆ ಬಣ್ಣ ಬಳಿಸಿದೆ. ಈಗ ಅಲ್ಲಿ ನನ್ನ ಹೆಸರು, ಫೋನ್ ನಂಬರು, ರೇರಾ ನೋಂದಣಿ ಸಂಖ್ಯೆ ಮಾತ್ರ ಇವೆ. ಈ ಲೇಖನದಲ್ಲೂ ಅವರ್ಯಾರ ಹೆಸರೂ ಊರೂ ಇಲ್ಲ.

ಒಂದು ಲಕ್ಷ ಎಂಬತ್ತು ಸಾವಿರ

2023ರಲ್ಲಿ ಮಳೆ ಕೈಕೊಟ್ಟಿತು, ಕಾವೇರಿ ನೀರಿನ ಗಲಾಟೆ ಶುರುವಾಯಿತು, ನಾಲೆಯಲ್ಲಿ ನೀರು ಕಡಿಮೆಯಾಯಿತು. 2024ರಲ್ಲಿ ಲೋಕಸಭಾ ಚುನಾವಣೆ. ನೀತಿಸಂಹಿತೆ ಇದ್ದಾಗ 50 ಸಾವಿರಕ್ಕಿಂತ ಹೆಚ್ಚು ನಗದು ಒಯ್ದರೆ ಚೆಕ್‌ಪೋಸ್ಟಿನಲ್ಲಿ ದಾಖಲೆ ಕೊಡಬೇಕು. ಅಡ್ವಾನ್ಸ್ ಕೊಡುವವರೆಲ್ಲ ಕೈ ಬಿಗಿ ಹಿಡಿದರು. ಮೂರು ತಿಂಗಳು ಒಂದು ವ್ಯವಹಾರವೂ ಇಲ್ಲ. ಅಂಗಡಿ ಬಾಡಿಗೆ, ಬೈಕಿನ ಕಂತು ಬಾಕಿ.

ಆಗ ನಾನು ಆ ಬೇರೆ ಖಾತೆಗೆ ಕೈ ಹಾಕಿದೆ. 22 ಸಾವಿರ. ‘ನನ್ನ ದುಡ್ಡೇ ತಾನೇ, ಮುಂದಿನ ತಿಂಗಳು ಹಾಕಿದರಾಯಿತು’ ಎಂದುಕೊಂಡೆ. ಮುಂದಿನ ತಿಂಗಳು ಇಬ್ಬರು ಬಂದರು, ಸರ್ವೆ ಶುಲ್ಕ ಕಟ್ಟಬೇಕಿತ್ತು. ಖಾತೆಯಲ್ಲಿ 640 ರೂಪಾಯಿ. ‘ಹೋದವಾರ ಬನ್ನಿ’ ಎನ್ನುವಷ್ಟು ನಾಲಿಗೆ ತಡವರಿಸಿ, ಸರಿ ಮಾಡಿಕೊಂಡು ‘ಮುಂದಿನ ವಾರ ಬನ್ನಿ’ ಎಂದೆ. ಬೇರೆಯವರು ಹಾಗೆ ಹೇಳಿದಾಗ ನಾನೇ ಬೈಯುತ್ತಿದ್ದ ಮಾತು ಅದು.

ಅದೇ ಜೂನ್‌ನಲ್ಲಿ ದೊಡ್ಡ ವ್ಯವಹಾರ ಬಂತು. ಸರ್ವಿಸ್ ರಸ್ತೆಯ ಹತ್ತಿರ ಒಂದು ಎಕರೆ ಇಪ್ಪತ್ತು ಗುಂಟೆ, ಗುಂಟೆಗೆ ಮೂರು ಲಕ್ಷ. ಒಟ್ಟು ಒಂದು ಕೋಟಿ ಎಂಬತ್ತು ಲಕ್ಷ. ಶೇ 1 ಎಂದರೂ ನನಗೆ ಒಂದು ಲಕ್ಷ ಎಂಬತ್ತು ಸಾವಿರ. ಮಾರುವವರು ಮೂರು ಜನ ಅಣ್ಣತಮ್ಮಂದಿರು, ಕೊಳ್ಳುವವರು ಬೆಂಗಳೂರಿನವರು. ಕಾಗದ ಎಲ್ಲ ಅಚ್ಚುಕಟ್ಟು.

ವಂಶವೃಕ್ಷ ನೋಡಿದೆ. ಮೂರು ಗಂಡು ಮಕ್ಕಳು. ಆದರೆ ಆ ಮನೆಯ ಒಬ್ಬ ಹೆಣ್ಣುಮಗಳು ಮಳವಳ್ಳಿ ಕಡೆಗೆ ಮದುವೆಯಾಗಿ ಹೋಗಿದ್ದು ಇಡೀ ಊರಿಗೇ ಗೊತ್ತು. ನಾನು ಆ ಮದುವೆಯಲ್ಲಿ ಊಟ ಬಡಿಸಿದ್ದೆ!

ಕೇಳಿದೆ. ‘ಮದ್ವೇಲಿ ಚಿನ್ನ ಹಾಕಿ ಕಳ್ಸಿದೀವಿ, ಇನ್ನೇನ್ಲಾ ಅವಳ್ದು?’ ಎಂದರು ದೊಡ್ಡವರು. ಅದು ಅವರ ತಾತನಿಂದ ಬಂದ ಜಮೀನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳುತ್ತದೆ. ಕರ್ನಾಟಕವಂತೂ 1994ರಲ್ಲೇ ಈ ದಿಕ್ಕಿನಲ್ಲಿ ಕಾನೂನು ತಂದಿತ್ತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿದ ಗೊಂದಲವನ್ನೂ ಪರಿಹರಿಸಿದೆ. 2005ರಲ್ಲಿ ತಂದೆ ಬದುಕಿರಲಿ, ಇಲ್ಲದಿರಲಿ, ಮಗಳ ಹಕ್ಕು ಹಕ್ಕೇ. ಇಷ್ಟನ್ನೂ ಅವರಿಗೆ ಹೇಳಿದೆ. ‘ಅಕ್ಕನ ಕರ್ಕೊಂಡ್ ಬನ್ನಿ, ಒಪ್ಕೊಂಡು ಸಹಿ ಹಾಕ್ಲಿ, ಪಾಲು ತಗೋತಾರೋ ಬಿಡ್ತಾರೋ ಅವರಿಷ್ಟ’ ಎಂದೆ.

ಅವರು ಒಪ್ಪಲಿಲ್ಲ. ನಾನು ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ನಾನು ಬಹಳ ಒಳ್ಳೆಯವನಾಗಿದ್ದೆ ಎಂದು ಸುಳ್ಳು ಹೇಳುವುದಿಲ್ಲ. ಬಾಕಿ ಬಾಡಿಗೆ, ಬೈಕು, 640 ರೂಪಾಯಿ ಎಲ್ಲ ಕಣ್ಣ ಮುಂದೆ ಬಂತು. ಇದರಲ್ಲಿ ಹತ್ತರಲ್ಲೊಂದು ಎಂದರೆ 18 ಸಾವಿರ, ಏಳೆಂಟು ಬಡವರ ಖಾತೆ ಆಗುತ್ತದಲ್ಲ ಎಂದೂ ಯೋಚಿಸಿದೆ. ಅಂದರೆ ಒಬ್ಬ ಹೆಣ್ಣುಮಗಳ ಪಾಲು ನುಂಗಿಸಿ, ಆ ದುಡ್ಡಿನಲ್ಲಿ ಬೇರೆ ಹೆಣ್ಣುಮಕ್ಕಳ ಕಾಗದ ಮಾಡಿಸುವುದು! ಆ ಯೋಚನೆ ಬಂದಾಗ ನನಗೇ ನಾಚಿಕೆಯಾಯಿತು. ಆಟೊ ಅಣ್ಣನ ಮುಖ ನೆನಪಾಯಿತು. ಕೊಳ್ಳುವವರಿಗೆ ಫೋನ್ ಮಾಡಿ, ‘ಸಾರ್, ವಂಶವೃಕ್ಷದಲ್ಲಿ ಒಬ್ಬರ ಹೆಸರಿಲ್ಲ’ ಎಂದೆ. ಅವರು ಥ್ಯಾಂಕ್ಸ್ ಹೇಳಿ, ಬೇರೆ ತಾಲ್ಲೂಕಿನಲ್ಲಿ ಜಮೀನು ತಗೊಂಡರು. ಅದಕ್ಕೂ ನನಗೂ ಸಂಬಂಧವಿಲ್ಲ. ಒಂದು ರೂಪಾಯಿಯೂ ಬರಲಿಲ್ಲ.

ಆ ಅಣ್ಣತಮ್ಮಂದಿರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅಪ್ಪ, ‘ಒಂದ್ ಲಕ್ಷ ಎಂಬತ್ ಸಾವ್ರ ಬುಟ್ಯಾ?’ ಎಂದು ಕೇಳಿ ತೋಟಕ್ಕೆ ಎದ್ದು ಹೋದರು.

ನಮ್ಮ ಮನೆಯ ಕಾಗದ

ಹಬ್ಬಕ್ಕೆ ನನ್ನ ಅಕ್ಕ ಬಂದಿದ್ದಳು. ಅಮ್ಮ ಈ ಕಥೆಯನ್ನು ಅವಳಿಗೆ ಹೆಮ್ಮೆಯಿಂದ ಹೇಳಿದಳು. ಅಕ್ಕ ಕೇಳಿಸಿಕೊಂಡು ಹೋಳಿಗೆ ಹೊಸೆಯುತ್ತಲೇ, ‘ಅಲ್ವೋ, ನಮ್ ವಂಶವೃಕ್ಷದಲ್ಲಿ ನನ್ ಹೆಸರೈತಾ?’ ಎಂದಳು.

ಇರಲಿಲ್ಲ. 2019ರಲ್ಲಿ ಒಂದು ಕೆಲಸಕ್ಕೆ ವಂಶವೃಕ್ಷ ಮಾಡಿಸುವಾಗ ಅಪ್ಪ, ‘ಅವಳ್ದು ಯಾಕ್ಲಾ, ಮದ್ವೆ ಆಗೋಗದೆ’ ಎಂದಿದ್ದರು. ಅರ್ಜಿ ತುಂಬಿದವನು ನಾನೇ. ಊರಿನವರ ಕಾಗದದಲ್ಲಿ ತಪ್ಪು ಹುಡುಕುವವನು ನನ್ನ ಮನೆಯ ಕಾಗದ ತೆಗೆದು ನೋಡಿರಲಿಲ್ಲ.

ಅಕ್ಕ ಜಗಳ ಮಾಡಲಿಲ್ಲ. ‘ನಂಗೆ ಜಮೀನು ಬ್ಯಾಡ ಕಣೋ. ಆದ್ರೆ ನಾನು ಈ ಮನೇಲಿ ಹುಟ್ಟಿದೀನಿ ಅಂತಾದ್ರೂ ಬರೀಬೇಕಲ್ವಾ?’ ಎಂದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಎರಡು ವಾರದ ಮೇಲೆ ಅವರೇ, ‘ಅದೇನೋ ಸರಿ ಮಾಡ್ಸಬೇಕು ಅಂತಿದ್ದಲ್ಲ, ಯಾವತ್ತು ಹೋಗನ?’ ಎಂದರು. ಹೋಗಿ ಸರಿ ಮಾಡಿಸಿಕೊಂಡು ಬಂದೆವು. ಅದರ ಖರ್ಚು ಆ ಬೇರೆ ಖಾತೆಯಿಂದ ಅಲ್ಲ, ಅಪ್ಪನ ಜೇಬಿನಿಂದ.

ಈಗಿನ ಲೆಕ್ಕ

22 ಸಾವಿರವನ್ನು ಹಿಂದಕ್ಕೆ ತುಂಬಲು ಎಂಟು ತಿಂಗಳು ಹಿಡಿಯಿತು. ಆಮೇಲೆ ಆ ಖಾತೆಯನ್ನು ನನ್ನೊಬ್ಬನ ಕೈಯಲ್ಲಿ ಬಿಡಲಿಲ್ಲ. ಈಗ ದುಡ್ಡು ತೆಗೆಯಲು ಮೇಷ್ಟ್ರದ್ದೋ ಟೈಪಿಸ್ಟ್ ಅಕ್ಕನದ್ದೋ ಸಹಿ ಬೇಕೇ ಬೇಕು. ನನ್ನ ಮೇಲೆ ನನಗೆ ನಂಬಿಕೆ ಇಲ್ಲ ಎಂದಲ್ಲ, ಬಾಡಿಗೆ ಕಟ್ಟಬೇಕಾದ ತಿಂಗಳಲ್ಲಿ ಯಾರ ಮೇಲೂ ನಂಬಿಕೆ ಇಡಬಾರದು ಎಂದು.

2022ರಿಂದ ಇಲ್ಲಿಯವರೆಗೆ ಬಂದ ಕಮಿಷನ್ 16 ಲಕ್ಷದ 40 ಸಾವಿರ. ಅದರಲ್ಲಿ ಬೇರೆ ತೆಗೆದಿಟ್ಟದ್ದು 1 ಲಕ್ಷದ 64 ಸಾವಿರ. 63 ಮನೆಗಳ ಕಾಗದ ಆಗಿದೆ. ಒಂದು ಮನೆಗೆ ಸರಾಸರಿ 2,400 ರೂಪಾಯಿ ಖರ್ಚು. ಖಾತೆಯಲ್ಲಿ ಉಳಿದಿರುವುದು 12,800. ಈಗ ಸರ್ಕಾರವೇ ಇ–ಪೌತಿ ಆಂದೋಲನ ಶುರು ಮಾಡಿದೆ, ಗ್ರಾಮ ಆಡಳಿತಾಧಿಕಾರಿಗಳು ಮನೆ ಬಾಗಿಲಿಗೇ ಬರುತ್ತಿದ್ದಾರೆ. ಅವರಿಗೆ ಬೇಕಾದ ದಾಖಲೆ ಜೋಡಿಸಿಡುವುದಷ್ಟೇ ನಮ್ಮ ಕೆಲಸವಾದರೆ ನನ್ನ ಖರ್ಚೂ ಕಡಿಮೆಯಾಗುತ್ತದೆ. ಸಂತೋಷವೇ.

ಆಟೊ ಅಣ್ಣನಿಗೆ ಕೊನೆಗೂ ಅನುಮೋದನೆಯಾದ ಲೇಔಟಿನಲ್ಲಿ ಸೈಟು ಸಿಕ್ಕಿತು. ಕಮಿಷನ್ ತಗೊಳ್ಳಲಿಲ್ಲ. ಗೃಹಪ್ರವೇಶಕ್ಕೆ ಕರೆದಿದ್ದರು, ಹೋಗಿದ್ದೆ. ಎರಡು ವರ್ಷದ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಮರೆತಿದ್ದಾರೆ ಎಂದು ನಾನು ಅಂದುಕೊಂಡಿಲ್ಲ.

ಗೆಳೆಯರೇ, ಗೆಳತಿಯರೇ, ಪರೀಕ್ಷೆಯಲ್ಲಿ ಸೋತು ಊರಿಗೆ ಬಂದು ಕೂತಿದ್ದರೆ ನಾಚಿಕೆ ಬೇಡ. ಓದಲು, ಬರೆಯಲು, ಅರ್ಜಿ ತುಂಬಲು ಬರುವವರ ಅಗತ್ಯ ಊರಿಗೆ ಬಹಳ ಇದೆ. ಈ ವ್ಯಾಪಾರಕ್ಕೇ ಇಳಿಯುವುದಾದರೆ ಮೊದಲ ಆರು ತಿಂಗಳು ಒಂದು ಸೈಟನ್ನೂ ಮಾರಬೇಡಿ, ಕಾಗದ ಓದುವುದನ್ನು ಕಲಿಯಿರಿ. ಬೇರೆ ಏನೇ ಕೆಲಸ ಮಾಡಿದರೂ ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಪಹಣಿ ತೆಗೆದು ಯಾರ ಹೆಸರಿದೆ, ಅವರು ಬದುಕಿದ್ದಾರಾ ಎಂದು ನೋಡಿ. ವಂಶವೃಕ್ಷ ತೆಗೆದು ಅಕ್ಕತಂಗಿಯರ ಹೆಸರಿದೆಯಾ ನೋಡಿ.

ಅಂದಹಾಗೆ, ಮುಂದಿನ ವಾರ ಮತ್ತೊಂದು ಹೆಣ್ಣು ನೋಡುವ ಶಾಸ್ತ್ರವಿದೆ. ಈ ಸಲ ಸೋದರಮಾವನಿಗೆ ಮೊದಲೇ ಹೇಳಿದ್ದೇನೆ: ‘ರಿಯಲ್ ಎಸ್ಟೇಟ್ ಬಿಸಿನೆಸ್ಸು’ ಎಲ್ಲ ಬೇಡ, ಬ್ರೋಕರ್ ಎಂದೇ ಹೇಳಿ.